ಹಿತ್ತಾಳೆ ಕತ್ತಿಗೆ ಹರಳೆಣ್ಣೆ

ಡಿಸೆಂಬರ್ ೪, ಬುಧವಾರ

ಇವರ ಬಿ.ಪಿ. ಬೆಳಿಗ್ಗೆ ೧೪೮/೯೨, ಸಂಜೆ ೧೫೦/೯೦. ಮಾತ್ರೆ ಎಲ್ಲ ಕೊಟ್ಟಾಯಿತು. ಮಧ್ಯಾಹ್ನ ಸಣ್ಣದೊಂದು ಮುದ್ದೆ, ಸೊಪ್ಪಿನ ಸಾರು. ಅರ್ಧಕ್ಕೇ ತಟ್ಟೆ ತಳ್ಳಿ ಎದ್ದರು. "ಇದೇನು ಸಾರೋ ಕಲಗಚ್ಚೋ" ಅಂದರು.

ಈ ಪುಸ್ತಕ ಕೊಟ್ಟವಳು ರಂಜಿತ. ನಮ್ಮ ಒಬ್ಬಳೇ ಮಗಳು, ಪಾಂಡವಪುರದಲ್ಲಿ ನರ್ಸು. "ಅಪ್ಪನ ಬಿ.ಪಿ. ಎಷ್ಟು, ಏನುಂಡ್ರು, ಎಷ್ಟೊತ್ತು ನಡೆದ್ರು, ಎಲ್ಲಾನೂ ದಿನಾ ಬರಿ ಅವ್ವ, ಡಾಕ್ಟ್ರು ಕೇಳ್ತಾರೆ" ಅಂದಳು. ಬರೆದರೆ ಎರಡೇ ಸಾಲಿಗೆ ಮುಗಿಯಿತು, ಪುಟ ಇಷ್ಟುದ್ದ ಉಳಿಯಿತು. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಪೆನ್ನು ಹಿಡಿದದ್ದು ರುಜು ಹಾಕುವುದಕ್ಕೆ ಮಾತ್ರ. ಡಾಕ್ಟ್ರಿಗೆ ಬೇಕಾದ್ದನ್ನು ಬೇರೆ ಹಾಳೆಗೆ ಇಳಿಸಿಕೊಟ್ಟರಾಯಿತು. ಉಳಿದ ಜಾಗ ನನಗೇ ಇರಲಿ.

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಇವರು ಮನೆಗೆ ಬಂದು ಇಪ್ಪತ್ತು ದಿನ. ಇನ್ನೂ ಆರು ವಾರ ಕೆಲಸಕ್ಕೆ ಹೋಗುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡಿದರು. ಆಮೇಲೆ ಹನ್ನೆರಡು ವರ್ಷದಿಂದ ಪಾಂಡವಪುರದ ಆಚೆ, ಗುಡ್ಡದ ಬುಡದ ರೈಫಲ್ ಕ್ಲಬ್ಬಿನಲ್ಲಿ ಅದೇ ಕೆಲಸ. ಇಷ್ಟು ದಿನ ಒಂದೇ ಸಮ ಮನೆಯಲ್ಲಿ ಕೂತದ್ದನ್ನು ನಾನು ಕಂಡೇ ಇಲ್ಲ. ಇವರಿಗೆ ಮನೆ ಗೊತ್ತಿಲ್ಲ, ಮನೆಗೆ ಇವರು ಗೊತ್ತಿಲ್ಲ.

ಡಿಸೆಂಬರ್ ೬, ಶುಕ್ರವಾರ

೧೫೨/೯೪. ಮಾತಿಲ್ಲ. ಹಾಲು ಕರೆಯುವಾಗಲೂ ಕಿವಿ ಒಳಗೇ ಇರುತ್ತದೆ, ಕೆಮ್ಮಿದರೆ ಚೆಂಬು ಬಿಟ್ಟು ಓಡುತ್ತೇನೆ. ಹಸು ಎರಡು ಸಲ ಒದೆಯಿತು.

ಡಿಸೆಂಬರ್ ೯, ಸೋಮವಾರ

ಕ್ಲಬ್ಬಿನ ಸೆಕ್ರೆಟರಿ ದೇವಯ್ಯನವರು ಬಂದಿದ್ದರು. ಜೊತೆಗೆ ಸ್ನೇಹ ಅಂತ ಒಬ್ಬ ಹುಡುಗಿ, ಮುನ್ನೂರು ಮೀಟರ್ ದೂರಕ್ಕೆ ರೈಫಲ್ ಹೊಡೆಯುವವಳು. ಒಂದು ಡಬ್ಬಿ ತುಂಬ ಹಿತ್ತಾಳೆ ಖಾಲಿ ಕೇಸು ತಂದಿದ್ದರು. ಗುಂಡು ಹಾರಿದ ಮೇಲೆ ಉಳಿಯುತ್ತದಲ್ಲ, ಆ ಕೊಳವೆ. ಲೆಕ್ಕಕ್ಕೆ ಸರಿಯಾಗಿ ನೂರು. ಇವರು ರುಜು ಹಾಕಿ ತೆಗೆದುಕೊಂಡರು. ಮದ್ದು, ಗುಂಡು ಎಲ್ಲ ಕ್ಲಬ್ಬಿನ ಬೀಗದೊಳಗೇ. ಮನೆಗೆ ಬರುವುದು ಖಾಲಿ ಹಿತ್ತಾಳೆ ಮಾತ್ರ.

ಕೇಸಿನ ಮೇಲ್ಭಾಗ ಬಾಟಲಿ ಕತ್ತಿನ ಹಾಗೆ ಸಣ್ಣಗಿರುತ್ತದೆ. ಗುಂಡನ್ನು ಕಚ್ಚಿ ಹಿಡಿಯುವುದು ಆ ಕತ್ತು. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಗುಂಡು ಸೊಟ್ಟಗೆ ಬಿಟ್ಟುಕೊಂಡು ಎಲ್ಲೋ ಹೋಗುತ್ತದಂತೆ. ಅದಕ್ಕೆ ಕತ್ತಿನ ಹೊರಮೈಯನ್ನು ಸುತ್ತ ಒಂದೇ ಸಮ ಹೆರೆಯಬೇಕು. ಸ್ನೇಹ ಅಂದಳು, "ಅಂಕಲ್, ಹೋದ್ ಸಲ ಅರವತ್ತರಲ್ಲಿ ಎಂಟು ಅತ್ಲಾಗೆ ಹೋದೊ. ನನ್ನ ಕೈದಾ, ಕೇಸಿಂದಾ ಅಂತ ನಂಗೇ ಅನುಮಾನ ಬಂದ್ಬುಡ್ತು. ಒಟ್ಟಿಗೆ ತಯಾರಾದ ಒಂದೇ ಲಾಟಿಂದು ಇರೋದು ಇವಿಷ್ಟೇ." ಜನವರಿ ಹತ್ತೊಂಬತ್ತಕ್ಕೆ ರಾಜ್ಯ ತಂಡಕ್ಕೆ ಆಯ್ಕೆ.

ದೇವಯ್ಯನವರು ಚಾ ಕುಡಿಯುತ್ತ, "ಆಗಾಕಿಲ್ಲ ಅಂದ್ರೆ ಈಗ್ಲೇ ಯೋಳ್ಬುಡಿ ಹವಾಲ್ದಾರ್ರೆ. ಬ್ಯಾರೆ ಯಾರನ್ನಾದ್ರೂ ನೋಡ್ಕೊತೀವಿ. ನಿಮ್ ಜಾಗಕ್ಕೂ ಒಬ್ರನ್ನ ನೋಡ್ಬೇಕಲ್ಲ, ಮುಂದಕ್ಕೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಇವರ ಮುಖ ಮಾತ್ರ ಸುಣ್ಣವಾಯಿತು. "ಆಯ್ತದೆ, ಮಡಗೋಗಿ" ಅಂದರು.

ಬಿ.ಪಿ. ಸಂಜೆ ೧೫೮/೯೬.

ಡಿಸೆಂಬರ್ ೧೧, ಬುಧವಾರ

ಊಟದ ಮೇಜಿನ ಒಂದು ತುದಿಗೆ ಹೆರೆಯುವ ಸಾಮಾನು ಬಿಗಿದು ಕೂತರು. ಒಂದು ಉಕ್ಕಿನ ಕಡ್ಡಿ, ಪಕ್ಕಕ್ಕೆ ಸಣ್ಣ ಬ್ಲೇಡು. ಕೇಸಿನ ಕತ್ತನ್ನು ಕಡ್ಡಿಗೆ ತೂರಿಸಿ ಕೈಯಲ್ಲಿ ತಿರುಗಿಸುತ್ತಾ ಹೋದರೆ ಬ್ಲೇಡು ಹೊರಗಿನಿಂದ ಹೆರೆಯುತ್ತದೆ. ಕಡ್ಡಿಗೂ ಕತ್ತಿಗೂ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ. ಎಣ್ಣೆ ಸರಿಯಿಲ್ಲದಿದ್ದರೆ ಹಿತ್ತಾಳೆ ಕಾದು ಉಕ್ಕಿಗೆ ಕಚ್ಚಿಕೊಂಡುಬಿಡುತ್ತದೆ.

ಮಿಲಿಟರಿಯಿಂದ ತಂದಿದ್ದ ಗ್ರೀಸಿನ ಡಬ್ಬಿ ತೆಗೆದರೆ ಒಣಗಿ ಮಣ್ಣಾಗಿತ್ತು. ನನ್ನ ಹೊಲಿಗೆ ಮಿಷನ್ನಿನ ಎಣ್ಣೆ ಕೇಳಿದರು, ಕೊಟ್ಟೆ. ನಾಲ್ಕು ಸುತ್ತಿಗೆ ಕೀಂಯ್ ಅಂತು, ಕಚ್ಚಿಕೊಂಡಿತು. ಎಳೆದರೆ ಬರಲಿಲ್ಲ. ಇವರ ಕೈ ನಡುಗುತ್ತಿತ್ತು. ಆಸ್ಪತ್ರೆಯಿಂದ ಬಂದಾಗಿಂದ ನಡುಗುತ್ತದೆ, ನಾನು ಕೇಳಿಲ್ಲ. ಇಕ್ಕಳದಲ್ಲಿ ಎಳೆದು ಕತ್ತು ನೆಗ್ಗಿಸಿಬಿಟ್ಟರು. ಆ ಕೇಸನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಕಣ್ಣು ತುಂಬಿತ್ತು. ನಾನು ಹಸುವಿಗೆ ಹುಲ್ಲು ಹಾಕಿಲ್ಲ ಅಂತ ಆಚೆ ಹೋದೆ. ಹುಲ್ಲು ಆಗಲೇ ಹಾಕಿತ್ತು.

ಡಿಸೆಂಬರ್ ೧೨, ಗುರುವಾರ

ಬೆಳಿಗ್ಗೆ ಇವರೇ ಕರೆದರು. "ಲೇ ಇವಳೇ, ಬಾ ಇಲ್ಲಿ. ಇದ ಇಡ್ಕೊ."

ಹಿಡಿದುಕೊಂಡೆ. ಇವರು ಕೇಸು ತಿರುಗಿಸುವುದು, ನಾನು ಬ್ಲೇಡಿನ ಬುಡ ಅಲುಗದ ಹಾಗೆ ಅದುಮಿ ಹಿಡಿಯುವುದು. ನಡುಕ ನನ್ನ ಕೈಗೂ ಬರುತ್ತಿತ್ತು. ಕೊನೆಗೆ "ನೀನೇ ತಿರುಗ್ಸು ನೋಡನ" ಅಂದರು. ತಿರುಗಿಸಿದೆ. "ಬಲವಂತ ಮಾಡ್ಬ್ಯಾಡ. ರಾಗಿಕಲ್ಲು ತಿರುಗ್ಸಿದಂಗೆ, ಒಂದೇ ಸಮ." ರಾಗಿಕಲ್ಲು ತಿರುಗಿಸಿ ನಲವತ್ತು ವರ್ಷವಾಯಿತು. ಆದರೂ ತೋಳಿಗೆ ನೆನಪಿತ್ತು.

ಬಿ.ಪಿ. ೧೪೬/೯೦.

ಡಿಸೆಂಬರ್ ೧೪, ಶನಿವಾರ

ಮೂರು ದಿನದಿಂದ ಎಣ್ಣೆಯದೇ ಪರೀಕ್ಷೆ. ನೆಗ್ಗಿದ ಆ ಒಂದು ಕೇಸಿನ ಕತ್ತನ್ನೇ ಸರಿ ಮಾಡಿಕೊಂಡು ಅದರಲ್ಲೇ ನೋಡುವುದು. ಬೈಕಿನ ಇಂಜಿನ್ ಎಣ್ಣೆ ಪರವಾಗಿಲ್ಲ, ಆದರೆ ಬಿಸಿಯಾದ ಕೂಡಲೇ ನೀರಾಗಿ ಸೋರುತ್ತದೆ. ಕಡಲೆಕಾಯಿ ಎಣ್ಣೆ ಅರ್ಧ ಗಂಟೆಗೇ ಅಂಟು. ಕೊಬ್ಬರಿ ಎಣ್ಣೆ ನಿನ್ನೆ ಮಧ್ಯಾಹ್ನ ಚೆನ್ನಾಗಿತ್ತು, ಇವತ್ತು ಬೆಳಿಗ್ಗೆ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಟ್ರಾಕ್ಟರಿಗೆ ಹಾಕುವ ಗ್ರೀಸು ತರಿಸಿದರು. ಜಾರುವುದು ಜಾರುತ್ತದೆ, ಆದರೆ ಹೆರೆದ ಸಿಪ್ಪೆಯೆಲ್ಲ ಅದಕ್ಕೇ ಮೆತ್ತಿಕೊಂಡು ಒಳಗೆ ನುಗ್ಗಿ ಗೀರು ಹಾಕಿತು.

ನಾನು ಅಂದೆ, "ಹಾಲು ಕರೆಯೋವಾಗ ಕೈಗೆ ಹರಳೆಣ್ಣೆ ಸವರ್ಕೊತೀನಲ್ಲ, ಬೆರಳು ಎಷ್ಟೊತ್ತು ಜಾರಿದ್ರೂ ಆರಾಕಿಲ್ಲ. ಅದ್ನ ನೋಡುಮಾ?"

ಬಹಳ ದಿನದ ಮೇಲೆ ನಕ್ಕರು. "ಇದು ರೈಫಲ್ ಕಣೇ. ಹಸಿನ ಕೆಚ್ಚಲಲ್ಲ."

ನಕ್ಕರಲ್ಲ, ಅಷ್ಟೇ ಸಾಕು ಅಂತ ಸುಮ್ಮನಾದೆ.

ಡಿಸೆಂಬರ್ ೧೭, ಮಂಗಳವಾರ

ತಪ್ಪು ಮಾಡಿಬಿಟ್ಟೆ.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದೆ, ಇವರಿನ್ನೂ ಎದ್ದಿರಲಿಲ್ಲ. ಮೇಜಿನ ಹತ್ತಿರ ಕೂತು ಒಂದು ಕೇಸಿನ ಕತ್ತಿನೊಳಕ್ಕೆ ಒಂದೇ ಹನಿ ಹರಳೆಣ್ಣೆ ಬಿಟ್ಟು ತಿರುಗಿಸಿದೆ. ಅಯ್ಯೋ, ಅದೇನು ನುಣುಪು! ಸದ್ದೇ ಇಲ್ಲ. ಸಿಪ್ಪೆ ಚಿನ್ನದ ನೂಲಿನ ಹಾಗೆ ಸುರುಳಿ ಸುರುಳಿ ಬಂತು. ಎರಡು, ಮೂರು, ನಾಲ್ಕು. ಕೈಗೆ ಹುಚ್ಚು ಹಿಡಿದ ಹಾಗಾಯಿತು. ಐದನೆಯದಕ್ಕೆ ಕಡ್ಡಿ ಒರೆಸಲಿಲ್ಲ, ಎಣ್ಣೆಯನ್ನೂ ಜಾಸ್ತಿ ಬಿಟ್ಟೆ. ಒಂಬತ್ತು ಆದಮೇಲೆ ಬೆಳಕಿಗೆ ಹಿಡಿದು ನೋಡಿದರೆ ಕೊನೆಯ ಐದರಲ್ಲಿ ಕತ್ತಿನ ಬುಡಕ್ಕೆ ಆಳವಾಗಿ ಗಾಯ. ಸಿಪ್ಪೆ ಬ್ಲೇಡಿಗೆ ಸಿಕ್ಕಿ ಒಂದೇ ಕಡೆ ಕೊರೆದಿತ್ತು. ಮೊದಲ ನಾಲ್ಕೂ ಸರಿಯಿದೆಯೋ ಇಲ್ಲವೋ, ಅಳೆಯುವುದಕ್ಕೆ ನನಗೆ ಬರುವುದಿಲ್ಲ.

ಆ ಹುಡುಗಿ "ಇರೋದು ಇವಿಷ್ಟೇ" ಅಂದಿದ್ದು ಕಿವಿಯಲ್ಲೇ ಇತ್ತು. ಒಂಬತ್ತನ್ನೂ ಬಟ್ಟೆಯಲ್ಲಿ ಸುತ್ತಿ ರಾಗಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟೆ. ಹೇಳಿದರೆ ಇವರ ಎದೆಗೆ ಏನಾದರೂ ಆದರೆ?

ಡಿಸೆಂಬರ್ ೧೮, ಬುಧವಾರ

೧೪೦/೮೮. ಬರೆಯುವುದಕ್ಕೆ ಮನಸ್ಸಿಲ್ಲ.

ಡಿಸೆಂಬರ್ ೧೯, ಗುರುವಾರ

ಹೇಳಿಬಿಟ್ಟೆ.

ಮುದ್ದೆ ಮಾಡುವುದಕ್ಕೆ ಡಬ್ಬಿಗೆ ಕೈ ಹಾಕಿದೆ, ಬೆರಳಿಗೆ ಹಿತ್ತಾಳೆ ತಗುಲಿತು. ಅಲ್ಲೇ ಅಳು ಬಂತು. ಗಂಟು ತಂದು ಮೇಜಿನ ಮೇಲಿಟ್ಟು, "ಬೈಯ್ಯೋದಿದ್ರೆ ಕೂತ್ಕೊಂಡು ಬೈರಿ, ಎದ್ದು ಕೂಗಾಡ್ಬ್ಯಾಡಿ" ಅಂದೆ.

ಇವರು ಗಂಟು ಬಿಚ್ಚುತ್ತ, "ಮೊನ್ನೆನೇ ಗೊತ್ತು" ಅಂದರು. "ಇಪ್ಪತ್ತೆರಡು ವರ್ಷ ಎಣಿಸಿಟ್ಟೋನು ನಾನು. ಬೆಳಗೆದ್ದು ನೋಡ್ತೀನಿ, ಒಂಬತ್ತು ಇಲ್ಲ. ಎಲ್ಲೋ ಮಡಗವಳೆ, ಯಾವತ್ತು ಯೋಳ್ತಾಳೋ ನೋಡನ ಅಂತ ಸುಮ್ಕಿದ್ದೆ."

"ಮತ್ತೆ ಕೇಳ್ಬಾರದಾ?"

"ನೀ ಎದ್ರುಕೊಂಡಿದ್ದೆ."

ಭೂತಗನ್ನಡಿ ಹಿಡಿದುಕೊಂಡು ಒಂದೊಂದನ್ನೇ ನೋಡಿದರು. ಐದನ್ನು ಅತ್ತ ಸರಿಸಿದರು. ಮೊದಲ ನಾಲ್ಕನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. ಕತ್ತಿನ ಒಳಗೆ ಹತ್ತಿಕಡ್ಡಿ ಆಡಿಸಿದರು. ಮೈಕ್ರೋಮೀಟರಿನಲ್ಲಿ ನಾಲ್ಕು ಕಡೆ ಅಳೆದರು.

"ಯಾವ ಎಣ್ಣೆ ಇದು?"

"ಹರಳೆಣ್ಣೆ."

ಇನ್ನೊಂದು ಸಲ ಕಿಟಕಿಗೆ ಹಿಡಿದು, "ಒಂದು ಗೀರಿಲ್ಲ ಕಣೆ ಒಳ್ಗೆ" ಅಂದರು. ಆಮೇಲೆ ಐದು ಯಾಕೆ ಹಾಳಾದವು ಅಂತ ಇಬ್ಬರೂ ಕೂತು ಯೋಚನೆ ಮಾಡಿದೆವು. ಹರಳೆಣ್ಣೆ ಬಿಸಿಗೆ ನೀರಾಗುವುದಿಲ್ಲ, ಉಕ್ಕಿಗೆ ಹಿತ್ತಾಳೆ ಮುಟ್ಟಲು ಬಿಡುವುದಿಲ್ಲ. ಆದರೆ ಜಾಸ್ತಿಯಾದರೆ ಕಡ್ಡಿಯಿಂದ ಇಳಿದು ಬ್ಲೇಡಿಗೆ ಬರುತ್ತದೆ. ಅಲ್ಲಿ ಸಿಪ್ಪೆಯನ್ನು ಹಿಡಿದುಕೊಳ್ಳುತ್ತದೆ. ಇಳಿಯದೆ, ಸವರಿದಲ್ಲೇ ನಿಲ್ಲುವ ಜಿಡ್ಡು ಬೇಕು.

ಮುದ್ದೆ ತಡವಾಯಿತು. ಒಂದೂವರೆ ಉಂಡರು.

ಡಿಸೆಂಬರ್ ೨೨, ಭಾನುವಾರ

ಹೇಮಗಿರಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಣ್ಣನ ಹೆಂಡತಿ ಬೈರಮ್ಮ ಈಗಲೂ ಹರಳು ಹುರಿದು ಕುಟ್ಟಿ ಮನೆಯಲ್ಲೇ ಎಣ್ಣೆ ತೆಗೆಯುತ್ತಾಳೆ. ಅಂಗಡಿಯದೇ ಇಷ್ಟು ಒಳ್ಳೆಯದಾದರೆ ಮನೆಯದು ಇನ್ನೆಷ್ಟು ಅಂತ ನನ್ನ ಆಸೆ. ರಂಜಿತನಿಗೆ ರಜೆಯಿತ್ತು, ಅವಳು ಬಂದು ಇವರ ಜೊತೆ ಕೂತಳು. ಕೆ.ಆರ್. ಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತು ನಿಂತು ಹೋಯಿತು, ನನಗೇನೂ ಬೇಜಾರಾಗಲಿಲ್ಲ.

ಬೈರಮ್ಮ ಕೇಳಿದಳು, "ಅಳ್ಳೆಣ್ಣೆನಾ? ಯಾರ್ಗೆ, ಯಾರಾದ್ರೂ ಬಾಣ್ತಿ ಅವ್ರಾ?"

"ಬಂದೂಕಿಗೆ" ಅಂದೆ.

"ನಿನ್ ಗಂಡನ್ ಜೊತೆ ನಿಂಗೂ ತಲೆ ಕೆಟ್ಟದೆ ಬುಡು" ಅಂದಳು. ಆದರೂ ಒಂದು ಸೀಸೆ ತುಂಬಿಸಿದಳು. ಇಳಿಯದೆ ನಿಲ್ಲುವ ಜಿಡ್ಡಿನ ವಿಚಾರ ಹೇಳಿದಾಗ ಅವಳೇ ಅಂದದ್ದು: "ಕುರಿ ಉಣ್ಣೆ ಕತ್ತರ್ಸೋರ ಕೈ ನೋಡಿದ್ದೀಯಾ? ಆ ಜಿಡ್ಡು ಮೂರ್ ದಿನ ಉಜ್ಜಿದ್ರೂ ಓಗಾಕಿಲ್ಲ."

ಡಿಸೆಂಬರ್ ೨೩, ಸೋಮವಾರ

ಬೈರಮ್ಮನ ಎಣ್ಣೆ ಕೆಲಸಕ್ಕೆ ಬರಲಿಲ್ಲ. ಬಟ್ಟೆಯಲ್ಲಿ ಎರಡು ಸಲ ಸೋಸಿದರೂ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಗಷ್ಟು. ಹಾಳಾದ ಕೇಸೊಂದರಲ್ಲಿ ನೋಡಿದರೆ ಕತ್ತಿನ ಒಳಗೆಲ್ಲ ಬೆಕ್ಕು ಪರಚಿದ ಹಾಗೆ ಗೀರು. ಮನೆಯದು ಅಂದ ಮಾತ್ರಕ್ಕೆ ಎಲ್ಲದಕ್ಕೂ ಆಗುವುದಿಲ್ಲ. ಮೆಡಿಕಲ್ ಅಂಗಡಿಯ ತಿಳಿ ಹರಳೆಣ್ಣೆಯೇ ಸರಿ. ಬೈರಮ್ಮನದನ್ನು ಇವರ ನೆತ್ತಿಗೆ ತಟ್ಟಿ ಸ್ನಾನ ಮಾಡಿಸಿದೆ. ಮಗುವಿನ ಹಾಗೆ ನಿದ್ದೆ ಹೋದರು.

ಡಿಸೆಂಬರ್ ೨೭, ಶುಕ್ರವಾರ

ಉಣ್ಣೆ ಜಿಡ್ಡು ಎಲ್ಲಿ ಸಿಗುತ್ತದೆ ಅಂತ ಮೂರು ದಿನ ತಲೆ ಕೆಡಿಸಿಕೊಂಡೆವು. ಇವತ್ತು ರಂಜಿತ ಬಂದವಳು ಕೇಳಿ ಬಿದ್ದು ಬಿದ್ದು ನಕ್ಕಳು. "ಅವ್ವ, ಅದು ನಮ್ ವಾರ್ಡಲ್ಲೇ ಅದೆ. ಹಾಲೂಡ್ಸೋ ತಾಯಂದ್ರಿಗೆ ಎದೆ ಒಡೆದ್ರೆ ಹಚ್ಚೋ ಮುಲಾಮು. ಬರೀ ಉಣ್ಣೆ ಜಿಡ್ಡು, ಲ್ಯಾನೋಲಿನ್ ಅಂತ." ಶ್ರೀರಂಗಪಟ್ಟಣದ ಮೆಡಿಕಲ್ಲಿಗೆ ಹೋಗಿ ತಂದೇಬಿಟ್ಟಳು.

ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಎರಡನ್ನೂ ಕರಗಿಸಿದೆ. ಸಮ ಸಮ ಹಾಕಿದಾಗ ಬೆಲ್ಲದ ಪಾಕದ ಹಾಗೆ ಎಳೆಯಿತು. ಹರಳೆಣ್ಣೆ ಎರಡು ಪಾಲು, ಮುಲಾಮು ಒಂದು ಪಾಲು ಮಾಡಿದೆ. ಆರಿದ ಮೇಲೆ ಬೆರಳಲ್ಲಿ ಮುಟ್ಟಿದೆ. ಹಸುವಿನ ಗಿಣ್ಣಕ್ಕಿಂತ ಸ್ವಲ್ಪ ತೆಳು, ಬೆಣ್ಣೆಗಿಂತ ಜಾರು. ಹತ್ತಿಕಡ್ಡಿಯಲ್ಲಿ ಕತ್ತಿನೊಳಗೆ ಒಂದು ಸುತ್ತು ಸವರಿ, ಕಡ್ಡಿಗೆ ತೂರಿಸಿ ತಿರುಗಿಸಿದೆ. ಸದ್ದಿಲ್ಲ, ಬಿಸಿಯಿಲ್ಲ. ಸಿಪ್ಪೆ ತಾನಾಗಿ ಕೆಳಗಿನ ತಟ್ಟೆಗೆ ಉದುರಿತು. ಪ್ರತಿ ಕೇಸಿಗೂ ಕಡ್ಡಿ ಒರೆಸಿದೆ. ಐದಾದ ಮೇಲೆ ಕಡ್ಡಿ ಆರಲಿ ಅಂತ ಬಿಟ್ಟೆ.

ಹತ್ತು ಕೇಸು ಆದವು. ಇವರು ಮೈಕ್ರೋಮೀಟರ್ ತೆಗೆದುಕೊಂಡರು. ಗೆರೆ ಸಣ್ಣ, ಕೈ ನಡುಕ. ಎರಡು ಸಲ ಕನ್ನಡಕ ಒರೆಸಿಕೊಂಡರು. ಆಮೇಲೆ ಅದನ್ನು ನನ್ನ ಕಡೆ ತಳ್ಳಿದರು.

"ಪಾರ್ವತಿ, ನೀನೇ ಓದು."

"ನಂಗೆಲ್ಲಿ ಬತ್ತದೆ?"

"ಸೀರೆ ಅಂಚಿನ ಎಳೆ ಎಣಿಸ್ತೀಯಲ್ಲ, ಇದೇನು ಮಹಾ? ಉದ್ದ ಗೆರೆ ಮೊದ್ಲು ನೋಡು."

ಓದಿದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂವತ್ತಮೂರು ಪಾಲು ದಪ್ಪ ಇರಬೇಕು. ಮೂವತ್ತಮೂರು, ಮೂವತ್ತಮೂರು, ಮೂವತ್ತಮೂರು, ಮೂವತ್ತಮೂರು. ನಾಲ್ಕು ಕಡೆಯೂ. ರಂಜಿತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬಿ.ಪಿ. ನೋಡುವುದು ಮರೆಯಿತು. ನಾಳೆ ನೋಡಿದರಾಯಿತು.

ಜನವರಿ ೧, ಬುಧವಾರ

ಹೆರೆಯುವುದಕ್ಕಿಂತ ತೊಳೆಯುವುದು ಕಷ್ಟ. ಕತ್ತಿನ ಒಳಗೆ ಜಿಡ್ಡು ಉಳಿದರೆ ಮದ್ದು ಕೆಡುತ್ತದೆ, ಗುಂಡು ಒಂದೊಂದು ಒಂದೊಂದು ಥರ ಹಾರುತ್ತದೆ. ಅಷ್ಟು ನಿಲ್ಲುವ ಜಿಡ್ಡು ಬೇಕು ಅಂತ ಹುಡುಕಿದವರು ನಾವೇ, ಈಗ ಹೋಗು ಅಂದರೆ ಹೋಗುವುದಿಲ್ಲ.

ದೇವರ ಸಾಮಾನು ಉಜ್ಜುವ ಪಾಲಿಷ್ ತಂದೆ. ಇವರು ಬಾಟಲಿ ಮೂಸಿ, "ಇದ್ರಲ್ಲಿ ಅಮೋನಿಯಾ ಅದೆ, ತಕ್ಕೊಂಡೋಗು ಆಚೆಗೆ. ಹಿತ್ತಾಳೆಗೆ ಅದು ವಿಷ. ಮೇಲೆ ಫಳಫಳ, ಒಳಗೆ ಬಿರುಕು" ಅಂದರು. ಹುಣಸೆಹಣ್ಣು ಅಂದೆ, ಅದೂ ಬೇಡ ಅಂದರು. ಅಂಟುವಾಳದ ಕಾಯಿ ಕುದಿಸಿದ ನೀರು ಅಂದೆ. ತಲೆ ಕೆರೆದುಕೊಂಡು "ಮಾಡು ನೋಡನ" ಅಂದರು. ಬಿಸಿ ಬಿಸಿ ನೊರೆಯಲ್ಲಿ ಎರಡು ಸಲ, ಬರೀ ಬಿಸಿನೀರಲ್ಲಿ ಮೂರು ಸಲ. ಬಿಳಿ ಪಂಚೆ ಹಾಸಿ ಬಿಸಿಲಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿದೆ. ಒಣ ಹತ್ತಿಕಡ್ಡಿ ಆಡಿಸಿದರೆ ಬಿಳಿ ಹಾಗೇ ಬಂತು.

ಅತ್ತೆಮನೆ ಕಡೆಯವರು ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲದವರು, ಹಿತ್ತಾಳೆ ಬೆಳಗುವುದು ನಿನಗೆ ಬರುವುದಿಲ್ಲ ಅಂತ ಮದುವೆಯಾದ ಹೊಸದರಲ್ಲಿ ಅತ್ತೆ ಆಡಿಕೊಂಡಿದ್ದರು. ಇವರಿಗೆ ಹೇಳಿದೆ. "ಅಂಗಂದಿದ್ರಾ ಅವ್ವ?" ಅಂದರು. ಇವರಿಗೆ ಗೊತ್ತೇ ಇರಲಿಲ್ಲ.

ಜನವರಿ ೮, ಬುಧವಾರ

ದಿನಕ್ಕೆ ಹನ್ನೆರಡು ಕೇಸು. ಮಧ್ಯಾಹ್ನ ಊಟ ಆದಮೇಲೆ ಕೂರುತ್ತೇವೆ, ಹಾಲು ಕರೆಯುವ ಹೊತ್ತಿಗೆ ಏಳುತ್ತೇವೆ. ನಾನು ತಿರುಗಿಸುವುದು, ಅಳೆಯುವುದು. ಇವರು ಜಿಡ್ಡು ಸವರಿ ಕೊಡುವುದು, ಕಡ್ಡಿ ಒರೆಸುವುದು, ಮಾತಾಡುವುದು.

ಮಾತಾಡುವುದೇ ಹೆಚ್ಚು. ಇವತ್ತು ಹಿಮದಲ್ಲಿದ್ದ ಕಥೆ ಹೇಳಿದರು. ಅಲ್ಲಿ ಬಂದೂಕಿನ ಎಣ್ಣೆಯೇ ಕಲ್ಲಾಗುತ್ತಿತ್ತಂತೆ. ಒಂದು ಬೆಳಿಗ್ಗೆ ಕೈಗವಸು ಬಿಚ್ಚಿ ಉಕ್ಕು ಮುಟ್ಟಿದವರು ಬೆರಳಿನ ಚರ್ಮ ಅಲ್ಲೇ ಬಿಟ್ಟರಂತೆ. ಬಲಗೈ ತೋರುಬೆರಳಿನ ಆ ನುಣ್ಣನೆಯ ಕಲೆ ನಾನು ದಿನಾ ನೋಡಿದ್ದೇ. ಹುಟ್ಟಿನಿಂದ ಬಂದದ್ದು ಅಂದುಕೊಂಡಿದ್ದೆ.

ನಾನು ನಾಲೆ ಏರಿ ಒಡೆದ ವರ್ಷದ ವಿಷಯ ಹೇಳಿದೆ. ರಂಜಿತನಿಗೆ ಎರಡು ವರ್ಷ. ಬೆಳಗಾಗುವ ಹೊತ್ತಿಗೆ ನೀರು ಹೊಸ್ತಿಲಿಗೆ ಬಂದಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ತುಂಬುಗಬ್ಬದ ಹಸುವನ್ನು ಹಗ್ಗ ಹಿಡಿದು ಮೇಗಲಕೇರಿ ಮಾಯಮ್ಮನ ಮನೆಗೆ ನಡೆಸಿಕೊಂಡು ಹೋದೆ. ಸೊಂಟದ ಮಟ್ಟ ನೀರು. ಹಸು ದಾರಿಯಲ್ಲಿ ನಿಂತುಬಿಟ್ಟಿತು. ಅದರ ಕಿವಿಯಲ್ಲಿ ಬೇಡಿಕೊಂಡೆ, ನಡೆಯಿತು.

ಇವರು ಹತ್ತಿಕಡ್ಡಿ ಹಿಡಿದುಕೊಂಡು ಹಾಗೇ ಕೂತಿದ್ದರು. "ಕಾಗದದಲ್ಲಿ 'ಮಳೆ ಚೆನ್ನಾಗಿ ಆಯಿತು' ಅಂತ ಬರೆದಿದ್ದೆ ನೀನು" ಅಂದರು.

"ಅಷ್ಟು ದೂರ ಇದ್ರಿ. ಇನ್ನೇನು ಬರೀಲಿ?"

ಇವರು ಇನ್ನೊಂದು ಕೇಸಿಗೆ ಜಿಡ್ಡು ಸವರಿ ಕೊಟ್ಟರು. ಇವತ್ತು ಹದಿನಾಲ್ಕು ಕೇಸು ಆದವು.

ಜನವರಿ ೧೪, ಸಂಕ್ರಾಂತಿ

ಹಸುವಿಗೆ ಕೊಂಬಿಗೆ ಬಣ್ಣ. ಮೈ ತೊಳೆಯುವಾಗ ಇವರೂ ಬಂದು ಬಿಂದಿಗೆ ಹಿಡಿದರು, ಅರ್ಧ ನೀರು ನನ್ನ ಮೇಲೇ ಸುರಿದರು. ಎಂಬತ್ತೆಂಟು ಕೇಸು ತಯಾರು. ಆರನ್ನು ನಾನೇ ತೆಗೆದು ಆಚೆ ಇಟ್ಟೆ. ಅಳತೆಯಲ್ಲಿ ಸರಿಯಾಗಿಯೇ ಇವೆ, ಆದರೆ ತಿರುಗಿಸುವಾಗ ಕೈಗೆ ಏನೋ ಬೇರೆ ಥರ ಅನ್ನಿಸಿತ್ತು. ಇವರು ವಾದ ಮಾಡಿದರು. ನಾನು ಬಿಡಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಆರರಲ್ಲಿ ಎರಡಕ್ಕೆ ಕತ್ತಿನ ಅಂಚಿನಲ್ಲಿ ಕೂದಲಿನಂಥ ಬಿರುಕು.

ಜನವರಿ ೧೬, ಗುರುವಾರ

ಕ್ಲಬ್ಬಿನವರು ಬಂದು ಕೇಸು ತೆಗೆದುಕೊಂಡು ಹೋದರು. ಹಾಳಾದವನ್ನೂ ಸೇರಿಸಿ ನೂರಕ್ಕೆ ನೂರು ಎಣಿಸಿ ಕೊಟ್ಟೆವು. ಮನೆ ಖಾಲಿ ಖಾಲಿ.

ರಂಜಿತ ಬಿ.ಪಿ. ಹಾಳೆ ಕೇಳಿದಳು. ಪುಸ್ತಕ ತಿರುವಿ ನೋಡಿದರೆ ಡಿಸೆಂಬರ್ ಹದಿನೆಂಟರಿಂದ ಈಚೆಗೆ ಒಂದೂ ಬರೆದಿಲ್ಲ. "ಏನವ್ವ ನೀನು!" ಅಂತ ಬೈದಳು. ಅವಳೇ ಕೈಗೆ ಪಟ್ಟಿ ಸುತ್ತಿ ನೋಡಿದಳು, ೧೨೮/೮೨. ಇನ್ನೊಂದು ಸಲ ನೋಡಿದಳು, ಅಷ್ಟೇ. ಬೈಯುವುದನ್ನು ನಿಲ್ಲಿಸಿದಳು.

ಜನವರಿ ೧೯, ಭಾನುವಾರ

ಕ್ಲಬ್ಬಿಗೆ ಹೋಗಿದ್ದೆವು. ಹನ್ನೆರಡು ವರ್ಷದಲ್ಲಿ ನಾನು ಹೋದದ್ದು ಇದೇ ಮೊದಲು. ಕಿವಿಗೆ ದಪ್ಪನೆಯ ಮುಚ್ಚಳ ಕೊಟ್ಟರು. ಹಿಂದಿನ ಬೆಂಚಿನಲ್ಲಿ ಕೂತೆವು. ಸ್ನೇಹ ಚಾಪೆ ಮೇಲೆ ಬೋರಲು ಮಲಗಿದ್ದಳು, ಬೆನ್ನು ಉಸಿರಿಗೆ ಏರಿ ಇಳಿಯುವುದು ಕಾಣುತ್ತಿತ್ತು. ಮೊದಲ ಏಟಿಗೆ ಇವರ ತೋಳು ಹಿಡಿದುಕೊಂಡೆ. ಇವರ ಕಡೆ ನೋಡಿದೆ. ಇವರು ಅವಳನ್ನು ನೋಡುತ್ತಿರಲಿಲ್ಲ, ರೈಫಲ್ಲಿನಿಂದ ಆಚೆ ಬಿದ್ದ ಕೇಸನ್ನು ನೋಡುತ್ತಿದ್ದರು. ಅಲ್ಲಿಂದ ನಾನೂ ಕೇಸನ್ನೇ ನೋಡಿದೆ. ಅರವತ್ತು ಸಲ ಚಿನ್ನದ ಹಾಗೆ ಹೊಳೆದು ಬಿತ್ತು. ಅಷ್ಟರಲ್ಲಿ ಒಂದನ್ನೂ ನಾನು ಮುಟ್ಟದೆ ಬಿಟ್ಟಿಲ್ಲ.

ಕೊನೆಗೆ ಪರದೆಯಲ್ಲಿ ಗುರಿ ತೋರಿಸಿದರು. ನನಗೆ ಅಂಕ ತಿಳಿಯುವುದಿಲ್ಲ. ಆದರೆ ಚುಕ್ಕಿಗಳೆಲ್ಲ ನಡುವೆ ಒಂದೇ ಗುಂಪಾಗಿದ್ದವು. ದೂರ ಹೋದದ್ದು ಒಂದೇ. ಸ್ನೇಹ ಎರಡನೆಯವಳಾಗಿ ಬಂದಳು, ತಂಡಕ್ಕೆ ಆಯ್ಕೆಯಾದಳು. ಓಡಿ ಬಂದು "ಅಂಕಲ್, ಆ ಒಂದು ನಂದೇ ತಪ್ಪು. ಉಸ್ರು ಕಟ್ಟಿರ್ಲಿಲ್ಲ. ಕೇಸಿನ್ ಮೇಲೆ ಅನುಮಾನಾನೇ ಬರ್ಲಿಲ್ಲ!" ಅಂದಳು.

ದೇವಯ್ಯನವರು ಇವರ ಎರಡೂ ಕೈ ಹಿಡಿದು, "ಏನೇ ಅನ್ನಿ ಹವಾಲ್ದಾರ್ರೆ, ನಿಮ್ ಕೈಯೇ ಕೈ!" ಅಂದರು.

ಸುತ್ತ ಹತ್ತು ಜನ ಇದ್ದರು. ಇವರು ಕೈ ಬಿಡಿಸಿಕೊಂಡು ಎಲ್ಲರ ಮುಂದೆ ಚಾಚಿ ತೋರಿಸಿದರು. ನಡುಗುತ್ತಿತ್ತು.

"ಈ ಕೈಯಲ್ಲಾಯ್ತದಾ ಆ ಕೆಲ್ಸ? ಎಣ್ಣೆ ಕಂಡುಹಿಡಿದೋಳು ಅವ್ಳು, ಹೆರೆದೋಳು ಅವ್ಳು, ಅಳತೆ ಮಾಡಿದೋಳೂ ಅವ್ಳೇ. ನಾನು ಹತ್ತಿಕಡ್ಡಿ ಕೊಡ್ತಾ ಕೂತಿದ್ದೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾಚಿಕೆಯಾಗಿ ಸೆರಗು ಸರಿ ಮಾಡಿಕೊಂಡೆ. ಬರುವಾಗ ಪಾಂಡವಪುರದಲ್ಲಿ ಇಳಿದು ದೋಸೆ ತಿಂದೆವು. ಇವರು ಬೆಣ್ಣೆಯನ್ನು ತೆಗೆದು ನನ್ನ ತಟ್ಟೆಗೆ ಹಾಕಿದರು.

ಜನವರಿ ೨೩, ಗುರುವಾರ

ದೇವಯ್ಯನವರ ಫೋನು ಬಂತು. ಇವರು ಎತ್ತಿಕೊಂಡು ಎರಡು ಮಾತು ಕೇಳಿ, "ಅವ್ಳನ್ನೇ ಕೇಳಿ" ಅಂತ ನನ್ನ ಕೈಗೆ ಕೊಟ್ಟರು.

ಮೈಸೂರಿನ ಇನ್ನಿಬ್ಬರು ಶೂಟರುಗಳ ಇನ್ನೂರು ಕೇಸು ಇದೆಯಂತೆ. "ನಾಳೆ ಕಳುಸ್ಲಾ ಪಾರ್ವತಕ್ಕ? ಹದಿನೈದು ದಿನಕ್ಕೆ ಆಗ್ಬೋದಲ್ವಾ?"

"ನಾಳೆ ಬ್ಯಾಡಿ, ಹಸಿಗೆ ಸೂಜಿ ಹಾಕ್ಸೋ ದಿನ. ಸೋಮವಾರ ಕಳ್ಸಿ" ಅಂದೆ. "ಹದಿನೈದು ದಿನಕ್ಕೆ ಆಗಾಕಿಲ್ಲ. ದಿನಕ್ಕೆ ಹನ್ನೆರಡರ ಮೇಲೆ ಮಾಡಾಕಿಲ್ಲ ನಾನು, ಕಡ್ಡಿ ಬಿಸಿಯಾಯ್ತದೆ. ಆಮೇಲೆ ಎಲ್ಲಾ ಒಂದೇ ಲಾಟಿಂದು ಇರ್ಬೇಕು. ಎಷ್ಟು ಸಲ ಹಾರ್ಸಿದ್ದು ಅಂತ ಡಬ್ಬಿ ಮೇಲೆ ಬರೆಸ್ಬುಡಿ. ಯಾರಾದ್ರೂ ಪಾಲಿಷ್ ಹಾಕಿ ಉಜ್ಜಿದ್ರೆ ಅದು ನಮ್ಮನೆಗೆ ಬ್ಯಾಡ, ವಾಪಸ್ ಕಳುಸ್ತೀನಿ. ಬರೋವಾಗ ಇನ್ನೊಂದು ಮೈಕ್ರೋಮೀಟರ್ ತತ್ತೀರಾ, ಈಗಿರೋದ್ರ ತಿರುಪು ಸಡಿಲ ಆಗದೆ."

"ಆಯ್ತಕ್ಕ, ಆಯ್ತಕ್ಕ" ಅಂದರು ದೇವಯ್ಯನವರು.

ಫೋನು ಇಟ್ಟು ತಿರುಗಿದರೆ ಇವರು ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತ ನಿಂತಿದ್ದರು.

"ಏನು?" ಅಂದೆ.

"ಏನಿಲ್ಲ" ಅಂದು ನಗುತ್ತ ಕೊಟ್ಟಿಗೆ ಕಡೆ ಹೋದರು.

ಮುಖಕ್ಕೆ ಏನಾದರೂ ಅಂಟಿಕೊಂಡಿದೆಯೇನೋ ಅಂತ ಕನ್ನಡಿ ನೋಡಿಕೊಂಡೆ. ಏನೂ ಇರಲಿಲ್ಲ.